ಅಂಡಾಶಯದ ಕ್ಯಾನ್ಸರ್: ಕೀಮೋಗೆ ಜಗ್ಗದ ಗಡ್ಡೆಯನ್ನು ಮೊದಲೇ ಪತ್ತೆ ಹಚ್ಚಬಹುದೇ?

ಮೂತ್ರದಲ್ಲಿ ಸೋಂಕಾದರೆ ಡಾಕ್ಟರು ಕಲ್ಚರ್ ಟೆಸ್ಟ್ ಬರೆದುಕೊಡುತ್ತಾರೆ. ಲ್ಯಾಬಿನವರು ಆ ಬ್ಯಾಕ್ಟೀರಿಯಾವನ್ನು ಬೆಳೆಸಿ, ಬೇರೆ ಬೇರೆ ಆಂಟಿಬಯಾಟಿಕ್‌ಗಳ ಎದುರು ಇಟ್ಟು, ಯಾವುದಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂಬ ಪಟ್ಟಿಯನ್ನು ಎರಡು ಮೂರು ದಿನದಲ್ಲಿ ಕೈಗೆ ಕೊಡುತ್ತಾರೆ. ಹಾಗಾಗಿ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಅಮ್ಮನ ಗಡ್ಡೆಯ ಚೂರನ್ನೂ ಹೀಗೇ ಟೆಸ್ಟ್ ಮಾಡಿ, ಯಾವ ಕೀಮೋ ಹಿಡಿಯುತ್ತೆ ಅಂತ ನೋಡ್ಕೊಂಡು ಆಮೇಲೆ ಕೊಡಬಹುದಲ್ವಾ ಸರ್?’

ತೀರಾ ನ್ಯಾಯವಾದ ಪ್ರಶ್ನೆ. ಕೀಮೋ ಅಂದರೆ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ರಕ್ತಕಣಗಳು ಕುಸಿಯುತ್ತವೆ. ಕೆಲಸಕ್ಕೆ ಬಾರದ ಮದ್ದಿಗಾಗಿ ಇಷ್ಟೆಲ್ಲ ಯಾಕೆ ಅನುಭವಿಸಬೇಕು? ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿ ಹತ್ತಿರ ಹತ್ತಿರ ಐವತ್ತು ವರ್ಷವಾಯಿತು. ಗಡ್ಡೆಯ ಚೂರನ್ನು ಗಾಜಿನ ತಟ್ಟೆಯಲ್ಲಿಟ್ಟು ಮದ್ದು ಹಾಕಿ ನೋಡುವ ದಾರಿ ಇನ್ನೂ ಭರವಸೆಯ ಹಂತದಲ್ಲೇ ಇದೆ. ಅದೇ ಹೊತ್ತಿಗೆ ಬೇರೆ ಎರಡು ದಾರಿಗಳು ತೆರೆದುಕೊಂಡಿವೆ: ಗಡ್ಡೆಯ ಡಿಎನ್‌ಎ ಓದುವುದು, ಮತ್ತು ಮೊದಲ ಕೆಲವು ಡೋಸ್‌ಗಳಿಗೆ ಆಕೆಯ ದೇಹವೇ ಕೊಡುವ ಉತ್ತರವನ್ನು ಅಳೆಯುವುದು. ನನ್ನ ಪ್ರಕಾರ ಇವತ್ತಿನ ಮಟ್ಟಿಗೆ ಹೆಣ್ಣುಮಕ್ಕಳ ಚಿಕಿತ್ಸೆಯನ್ನು ನಿಜವಾಗಿ ಬದಲಿಸಬಲ್ಲ ಟೆಸ್ಟ್‌ಗಳು ಹೆಚ್ಚಾಗಿ ಈ ಎರಡು ದಾರಿಗಳಲ್ಲೇ ಇವೆ. ಯಾಕೆ ಎಂದು ತಿಳಿಯಬೇಕಾದರೆ ಮದ್ದಿನಿಂದಲೇ ಶುರು ಮಾಡಬೇಕು.

ಪ್ಲಾಟಿನಂ ಕೊಲ್ಲುವ ಬಗೆ

1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಅವರು ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ ಹರಿಸಿದರೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನು ಬಿಟ್ಟು ಎಳೆಎಳೆಯಾಗಿ ಉದ್ದಕ್ಕೆ ಬೆಳೆಯತೊಡಗಿದವು. ಅದಕ್ಕೆ ಕಾರಣ ವಿದ್ಯುತ್ ಆಗಿರಲಿಲ್ಲ. ಪ್ಲಾಟಿನಂ ತಂತಿಯಿಂದ ಕರಗಿ ದ್ರವಕ್ಕೆ ಸೇರಿದ್ದ ಸಂಯುಕ್ತವೇ ಕೋಶ ವಿಭಜನೆಯನ್ನು ತಡೆದಿತ್ತು. 1965ರಲ್ಲಿ ಪ್ರಕಟವಾದ ಆ ಶೋಧವೇ ಸಿಸ್‌ಪ್ಲಾಟಿನ್ ಎಂಬ ಮದ್ದಿಗೆ ದಾರಿ ಮಾಡಿತು. 1978ರಲ್ಲಿ ಅಮೆರಿಕ ಅದನ್ನು ವೃಷಣ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಒಪ್ಪಿತು. ಮೂತ್ರಪಿಂಡಕ್ಕೆ ಕಡಿಮೆ ಹಾನಿ ಮಾಡುವ ಅದರ ತಂಗಿ ಕಾರ್ಬೋಪ್ಲಾಟಿನ್ 1989ರಲ್ಲಿ ಬಂತು. ಇವತ್ತಿಗೂ ಅಂಡಾಶಯದ ಕ್ಯಾನ್ಸರ್‌ನ ಮೊದಲ ಚಿಕಿತ್ಸೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಜೋಡಿಯೇ. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಆರು ಸೈಕಲ್.

ಪ್ಲಾಟಿನಂ ಕೋಶದೊಳಗೆ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅದರ ಎಳೆಯ ಅಕ್ಕಪಕ್ಕದ ಭಾಗಗಳನ್ನು, ಕೆಲವೊಮ್ಮೆ ಎರಡು ಎಳೆಗಳನ್ನೇ, ಒಂದಕ್ಕೊಂದು ಬೆಸೆದುಬಿಡುತ್ತದೆ. ಕೋಶ ಎರಡಾಗಬೇಕಾದರೆ ಡಿಎನ್‌ಎ ಬಿಚ್ಚಿ ನಕಲಾಗಬೇಕು. ಬೆಸೆದುಕೊಂಡ ಜಾಗಕ್ಕೆ ಬಂದಾಗ ನಕಲು ಮಾಡುವ ಯಂತ್ರ ಸಿಕ್ಕಿಹಾಕಿಕೊಂಡು ಎಳೆಗಳು ತುಂಡಾಗುತ್ತವೆ. ರಿಪೇರಿ ಆದರೆ ಕೋಶ ಬದುಕಿತು, ಆಗದಿದ್ದರೆ ಸತ್ತಿತು.

ಹಾಗಾದರೆ ಕ್ಯಾನ್ಸರ್ ಕೋಶಕ್ಕೆ ತಪ್ಪಿಸಿಕೊಳ್ಳಲು ಎಷ್ಟು ಬಾಗಿಲುಗಳಿವೆ ನೋಡಿ. ಮದ್ದನ್ನು ಒಳಗೇ ಬಿಟ್ಟುಕೊಳ್ಳದಿರಬಹುದು. ಒಳಬಂದ ಪ್ಲಾಟಿನಂಅನ್ನು ಗ್ಲುಟಾಥಯೋನ್‌ನಂಥ ಅಣುಗಳಿಗೆ ಕಟ್ಟಿಹಾಕಿ ನಿಷ್ಕ್ರಿಯ ಮಾಡಬಹುದು. ಪಂಪುಗಳ ಮೂಲಕ ಹೊರಗೆ ತಳ್ಳಬಹುದು. ಹಾನಿಯಾದ ಡಿಎನ್‌ಎಯನ್ನು ಚುರುಕಾಗಿ ರಿಪೇರಿ ಮಾಡಿಕೊಳ್ಳಬಹುದು. ಇಲ್ಲವೇ ಇಷ್ಟು ಹಾನಿಯಾದ ಮೇಲೆ ಸಾಯಬೇಕು ಎಂಬ ಆಜ್ಞೆಯನ್ನೇ ಕೇಳದಿರಬಹುದು. ಒಂದೇ ಹೊಟ್ಟೆಯಲ್ಲಿ, ಕರುಳಿನ ಮೇಲಿನ ಗಂಟು ಒಂದು ಬಾಗಿಲು ಹಿಡಿದರೆ ವಪೆಯ ಮೇಲಿನ ಗಂಟು ಇನ್ನೊಂದನ್ನು ಹಿಡಿದಿರಬಹುದು. ವಪೆ ಅಂದರೆ ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪದರ. ಈ ಕ್ಯಾನ್ಸರ್‌ಗೆ ಅದು ಬಹಳ ಇಷ್ಟದ ಜಾಗ.

ಇಷ್ಟೆಲ್ಲ ದಾರಿಗಳಿದ್ದರೂ ಮೊದಲ ಬಾರಿ ಕೀಮೋ ಕೊಟ್ಟಾಗ ಈ ಕ್ಯಾನ್ಸರ್ ಚೆನ್ನಾಗಿಯೇ ಕರಗುತ್ತದೆ. ನೂರರಲ್ಲಿ ಎಪ್ಪತ್ತರಿಂದ ಎಂಬತ್ತು ಮಂದಿಗೆ ಗುಣ ಕಾಣುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಮೂರನೇ, ನಾಲ್ಕನೇ ಹಂತದಲ್ಲಿ ಪತ್ತೆಯಾದ ಹೆಚ್ಚಿನವರಲ್ಲಿ ಕೆಲವೇ ವರ್ಷಗಳಲ್ಲಿ ಕಾಯಿಲೆ ಮರುಕಳಿಸುತ್ತದೆ, ಪ್ರತಿ ಸಲ ಮರುಕಳಿಸಿದಾಗಲೂ ಮದ್ದಿಗೆ ಇನ್ನಷ್ಟು ಗಟ್ಟಿಯಾಗಿರುತ್ತದೆ. ಭಾರತದಲ್ಲಿ 2022ರಲ್ಲಿ ಸುಮಾರು 47 ಸಾವಿರ ಹೆಣ್ಣುಮಕ್ಕಳಿಗೆ ಹೊಸದಾಗಿ ಈ ಕ್ಯಾನ್ಸರ್ ಬಂದಿದೆ ಎಂಬುದು ಅಂತರರಾಷ್ಟ್ರೀಯ ಅಂದಾಜು. ಹೊಟ್ಟೆ ಉಬ್ಬರ, ಗ್ಯಾಸು ಎಂದುಕೊಂಡು ತಿಂಗಳುಗಟ್ಟಲೆ ಕಳೆದು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬರುವವರೇ ಅವರಲ್ಲಿ ಹೆಚ್ಚು.

ಆದ್ದರಿಂದ ಜಗ್ಗದಿರುವಿಕೆಯಲ್ಲಿ ಎರಡು ಬಗೆ. ಹುಟ್ಟಿನಿಂದಲೇ ಮದ್ದಿಗೆ ಬಗ್ಗದ ಗಡ್ಡೆಗಳು ಕೆಲವು. ಮೊದಲು ಬಗ್ಗಿ, ಆಮೇಲೆ ಕಲಿತುಕೊಂಡವು ಬಹಳ. ಟೆಸ್ಟ್ ಯಾವುದೇ ಆಗಲಿ, ಇವೆರಡರಲ್ಲಿ ಯಾವುದನ್ನು ಹುಡುಕುತ್ತಿದೆ ಎಂದು ಮೊದಲು ಕೇಳಬೇಕು.

ತಟ್ಟೆಯ ಮೇಲಿನ ಪ್ರಯೋಗ

1977ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಆನ್ ಹ್ಯಾಂಬರ್ಗರ್ ಮತ್ತು ಸಿಡ್ನಿ ಸಾಲ್ಮನ್ ರೋಗಿಗಳ ಗಡ್ಡೆಯ ಕೋಶಗಳನ್ನು ಅಗರ್ ಎಂಬ ಮೆತ್ತನೆಯ ಜೆಲ್ಲಿಯಲ್ಲಿ ಬೆಳೆಸುವ ವಿಧಾನ ಪ್ರಕಟಿಸಿದರು. ಮರುವರ್ಷ ಸಾಲ್ಮನ್ ಅವರ ತಂಡ ಮೈಲೋಮಾ (ಮೂಳೆಮಜ್ಜೆಯ ಒಂದು ಕ್ಯಾನ್ಸರ್) ಮತ್ತು ಅಂಡಾಶಯದ ಕ್ಯಾನ್ಸರ್ ಇದ್ದವರ ಕೋಶಗಳ ಮೇಲೆ ಮದ್ದು ಹಾಕಿ ನೋಡಿದಾಗ, ತಟ್ಟೆಯಲ್ಲಿ ಕಂಡದ್ದಕ್ಕೂ ರೋಗಿಯಲ್ಲಿ ಆದದ್ದಕ್ಕೂ ಹೊಂದಿಕೆ ಕಾಣಿಸಿತು. ಆಗ ಎದ್ದ ಉತ್ಸಾಹ ಊಹಿಸಿಕೊಳ್ಳಿ. ಕ್ಯಾನ್ಸರ್‌ಗೂ ಕಲ್ಚರ್ ಟೆಸ್ಟ್ ಬಂತು ಎಂದೇ ಎಲ್ಲರೂ ಭಾವಿಸಿದರು.

ಬಳಕೆಗೆ ಇಳಿದಾಗ ತೊಡಕುಗಳು ಎದುರಾದವು. ತಟ್ಟೆಗೆ ಹಾಕಿದ ಸಾವಿರ ಕೋಶಗಳಲ್ಲಿ ಒಂದು ಬೆಳೆದರೆ ಅದೇ ಹೆಚ್ಚು. ಬೆಳೆದವು ದೇಹದೊಳಗಿನ ಉಳಿದವನ್ನು ಪ್ರತಿನಿಧಿಸುತ್ತವೆ ಎನ್ನಲು ಆಧಾರವಿಲ್ಲ. ಅನೇಕರ ಮಾದರಿ ಬೆಳೆಯುತ್ತಲೇ ಇರಲಿಲ್ಲ. ಬೆಳೆದರೂ ವಾರಗಟ್ಟಲೆ ಕಾಯಬೇಕು. ತಟ್ಟೆಯಲ್ಲಿ ರಕ್ತನಾಳ ಇಲ್ಲ, ಮದ್ದನ್ನು ಒಡೆಯುವ ಯಕೃತ್ತು ಇಲ್ಲ, ಗಡ್ಡೆಗೆ ಆಸರೆಯಾಗಿ ನಿಲ್ಲುವ ಸುತ್ತಲಿನ ಕೋಶಗಳಿಲ್ಲ, ರೋಗನಿರೋಧಕ ಕೋಶಗಳಿಲ್ಲ. ಬ್ಯಾಕ್ಟೀರಿಯಾಕ್ಕೂ ಕ್ಯಾನ್ಸರ್‌ಗೂ ಇರುವ ದೊಡ್ಡ ಅಂತರ ಇದೇ. ಮೂತ್ರದ ಬ್ಯಾಕ್ಟೀರಿಯಾ ತಟ್ಟೆಯಲ್ಲೂ ಹೆಚ್ಚುಕಡಿಮೆ ತನ್ನ ಸ್ವಭಾವ ಬಿಡುವುದಿಲ್ಲ, ಕ್ಯಾನ್ಸರ್ ಕೋಶ ಜಾಗ ಬದಲಾದ ಕೂಡಲೇ ಸ್ವಭಾವ ಬದಲಿಸುತ್ತದೆ.

ಆಮೇಲೆ ಬಂದ ಟೆಸ್ಟ್‌ಗಳು ಒಂದೊಂದು ತೊಡಕನ್ನು ದಾಟಲು ನೋಡಿದವು. ಅವುಗಳಲ್ಲಿ ನನಗೆ ತುಂಬ ಜಾಣತನದ್ದು ಅನ್ನಿಸುವುದು 1990ರಲ್ಲಿ ಡೇವಿಡ್ ಕರ್ನ್ ಮತ್ತು ಲ್ಯಾರಿ ವೈಸೆಂಥಾಲ್ ವಿವರಿಸಿದ ತೀವ್ರ ನಿರೋಧಕತೆಯ ಪರೀಕ್ಷೆ. ಯಾವ ಮದ್ದು ಕೆಲಸ ಮಾಡುತ್ತದೆ ಎಂದು ಹುಡುಕುವುದನ್ನೇ ಅವರು ಕೈಬಿಟ್ಟರು. ರೋಗಿಯ ದೇಹದಲ್ಲಿ ಎಂದೂ ಮುಟ್ಟಲಾಗದಷ್ಟು ಹೆಚ್ಚಿನ ಪ್ರಮಾಣದ ಮದ್ದನ್ನು ದಿನಗಟ್ಟಲೆ ಕೋಶಗಳ ಮೇಲೆ ಹಾಕಿದರು. ಅಷ್ಟಾದರೂ ಕೋಶಗಳು ಬೆಳೆಯುತ್ತಲೇ ಇದ್ದರೆ, ಆ ಮದ್ದು ದೇಹದೊಳಗೆ ಕೆಲಸ ಮಾಡುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ‘ಇದು ಬೇಡ’ ಎಂದಷ್ಟೇ ಹೇಳುವ ಟೆಸ್ಟ್. ಇನ್ನು ಕೆಲವು ಟೆಸ್ಟ್‌ಗಳು ಬದುಕಿರುವ ಕೋಶಗಳಲ್ಲಿ ಇರುವ ಎಟಿಪಿ ಎಂಬ ಶಕ್ತಿ ಅಣುವನ್ನು ಬೆಳಕಾಗಿಸಿ ಅಳೆದವು. ಕೆಮೋ-ಎಫ್‌ಎಕ್ಸ್ ಎಂಬ ವಾಣಿಜ್ಯ ಟೆಸ್ಟ್ ಗಡ್ಡೆಯ ಕೋಶಗಳನ್ನು ಬೆಳೆಸಿ, ಮದ್ದು ಹಾಕಿದ ಮೇಲೆ ಉಳಿದವನ್ನು ಎಣಿಸಿತು.

ಈ ಟೆಸ್ಟ್‌ಗಳ ಫಲಿತಾಂಶ ಓದುವಾಗ ಒಂದು ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡುವುದು ಒಳ್ಳೆಯದು. ಉದಾಹರಣೆಗೆಂದು ನಾನೇ ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತೇನೆ. ಮೊದಲ ಬಾರಿಗೆ ಕೀಮೋ ತೆಗೆದುಕೊಳ್ಳುವ 100 ಹೆಣ್ಣುಮಕ್ಕಳಲ್ಲಿ 80 ಮಂದಿಗೆ ಪ್ಲಾಟಿನಂ ಕೆಲಸ ಮಾಡುತ್ತದೆ, 20 ಮಂದಿಗೆ ಮಾಡುವುದಿಲ್ಲ ಎನ್ನೋಣ. ಟೆಸ್ಟ್ ಜಗ್ಗದ 20ರಲ್ಲಿ 14ನ್ನು ಸರಿಯಾಗಿ ಹಿಡಿಯುತ್ತದೆ. ಜಗ್ಗುವ 80ರಲ್ಲಿ 64ನ್ನು ಸರಿಯಾಗಿ ಗುರುತಿಸುತ್ತದೆ. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಜಗ್ಗುವ 80ರಲ್ಲಿ ಉಳಿದ 16 ಮಂದಿಗೂ ‘ಜಗ್ಗದು’ ಎಂದೇ ವರದಿ ಬಂದಿರುತ್ತದೆ. ಹಾಗೆ ವರದಿ ಬಂದವರು ಒಟ್ಟು 30. ಅವರಲ್ಲಿ 16 ಮಂದಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ, ನಿಜವಾಗಿ ಪ್ಲಾಟಿನಂನಿಂದ ಗುಣವಾಗುತ್ತಿತ್ತು. ವರದಿ ನಂಬಿ ಅವರಿಗೆ ಪ್ಲಾಟಿನಂ ತಪ್ಪಿಸಿದರೆ, ಈ ಕಾಯಿಲೆಗೆ ಇರುವ ಅತ್ಯಂತ ಒಳ್ಳೆಯ ಮದ್ದನ್ನೇ ಕಸಿದುಕೊಂಡಂತೆ.

ಅದೇ ಟೆಸ್ಟ್ ಅನ್ನು ಕಾಯಿಲೆ ಮರುಕಳಿಸಿದವರಲ್ಲಿ, ಒಂದು ಮದ್ದಿಗೆ 100ರಲ್ಲಿ 20 ಮಂದಿ ಮಾತ್ರ ಸ್ಪಂದಿಸುವ ಹಂತದಲ್ಲಿ ಮಾಡಿ ನೋಡಿ. ಆಗ ‘ಜಗ್ಗುತ್ತದೆ’ ಎಂದು ವರದಿ ಬಂದ 40 ಮಂದಿಯಲ್ಲಿ 16 ಮಂದಿಗೆ ಗುಣವಾಗುತ್ತದೆ. ಐದರಲ್ಲಿ ಒಂದು ಇದ್ದ ಅವಕಾಶ ಐದರಲ್ಲಿ ಎರಡಾಯಿತು. ಟೆಸ್ಟ್ ಬದಲಾಗಿಲ್ಲ, ಕೇಳಿದ ಹೊತ್ತು ಬದಲಾಗಿದೆ. ಹಾಗಾಗಿ ಈ ಟೆಸ್ಟ್‌ಗಳಿಗೆ ಏನಾದರೂ ಜಾಗ ಇದ್ದರೆ ಅದು ಮೊದಲ ಚಿಕಿತ್ಸೆಯಲ್ಲಿ ಅಲ್ಲ, ಮರುಕಳಿಸಿದ ಮೇಲೆ, ಹಲವು ಮದ್ದುಗಳು ಒಂದೇ ತೂಕಕ್ಕೆ ನಿಂತಾಗ.

ಅಲ್ಲಾದರೂ ಸಾಬೀತಾಗಿದೆಯೇ? 2007ರಲ್ಲಿ ಬ್ರಿಟನ್ನಿನ ಇಯಾನ್ ಕ್ರೀ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಪ್ಲಾಟಿನಂಗೆ ಜಗ್ಗದೆ ಮರುಕಳಿಸಿದ 180 ಮಂದಿಯನ್ನು ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಟಿಪಿ ಟೆಸ್ಟ್ ನೋಡಿ ಮದ್ದು, ಇನ್ನೊಂದಕ್ಕೆ ಡಾಕ್ಟರ ತಿಳಿವಳಿಕೆಯಂತೆ ಮದ್ದು. ಟೆಸ್ಟ್ ಗುಂಪಿನಲ್ಲಿ ಶೇ. 40.5, ಡಾಕ್ಟರ ಆಯ್ಕೆಯ ಗುಂಪಿನಲ್ಲಿ ಶೇ. 31.5 ಮಂದಿಗೆ ಗುಣ ಕಂಡಿತು. ವ್ಯತ್ಯಾಸ ಇದೆ, ಆದರೆ ಅದೃಷ್ಟದಿಂದ ಬಂದದ್ದಲ್ಲ ಎನ್ನುವಷ್ಟು ಗಟ್ಟಿ ಇಲ್ಲ. 2013ರಲ್ಲಿ ಕೆಮೋ-ಎಫ್‌ಎಕ್ಸ್ ಬಗ್ಗೆ ಬಂದ ಅಧ್ಯಯನದಲ್ಲಿ, ಟೆಸ್ಟ್ ಒಪ್ಪಿದ ಮದ್ದು ಸಿಕ್ಕವರು ಸರಾಸರಿ 37.5 ತಿಂಗಳು, ಉಳಿದವರು 23.9 ತಿಂಗಳು ಬದುಕಿದರು. ಸಂಖ್ಯೆ ಕಣ್ಣು ಸೆಳೆಯುತ್ತದೆ. ಆದರೆ ಅಲ್ಲಿ ಟೆಸ್ಟ್ ನೋಡಿ ಮದ್ದು ಕೊಟ್ಟಿರಲಿಲ್ಲ, ಲಾಟರಿಯಂತೆ ಗುಂಪು ಮಾಡಿರಲಿಲ್ಲ. ಯಾವುದೋ ಒಂದು ಮದ್ದಿಗೆ ಜಗ್ಗುವ ಗಡ್ಡೆ ಎಲ್ಲ ಮದ್ದಿಗೂ ಅಷ್ಟಿಷ್ಟು ಜಗ್ಗುವ ಸೌಮ್ಯ ಗಡ್ಡೆಯೇ ಆಗಿರಬಹುದು. ಆಗ ಆಕೆ ಹೆಚ್ಚು ಕಾಲ ಬದುಕಿದ್ದು ಟೆಸ್ಟ್‌ನಿಂದಲೋ, ಗಡ್ಡೆಯ ಗುಣದಿಂದಲೋ? ಟೆಸ್ಟ್ ಮುಂದಿನ ದಾರಿಯನ್ನು ಊಹಿಸುವುದು ಬೇರೆ, ದಾರಿಯನ್ನು ಬದಲಿಸುವುದು ಬೇರೆ. ಮಾರಾಟದ ಕರಪತ್ರಗಳಲ್ಲಿ ಇವೆರಡೂ ಒಂದೇ ಆಗಿ ಕಾಣುತ್ತವೆ, ಅದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2004ರಲ್ಲಿ, ಮತ್ತೆ 2011ರಲ್ಲಿ ಎಲ್ಲ ಪುರಾವೆಗಳನ್ನು ತೂಗಿ ನೋಡಿ, ಇಂಥ ಟೆಸ್ಟ್ ನೋಡಿ ಕೀಮೋ ಆರಿಸುವುದು ಸಂಶೋಧನೆಯ ಹೊರಗೆ ಬೇಡ ಎಂದಿತು.

ಡಿಎನ್‌ಎಯಲ್ಲಿ ಉಳಿದ ಕಲೆ

1990ರಲ್ಲಿ ಮೇರಿ-ಕ್ಲೇರ್ ಕಿಂಗ್, ಕುಟುಂಬದಲ್ಲಿ ಹರಿದುಬರುವ ಸ್ತನ ಕ್ಯಾನ್ಸರ್‌ನ ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. ಅದೇ ಬಿಆರ್‌ಸಿಎ1. ಮುಂದೆ ಬಿಆರ್‌ಸಿಎ2 ಕೂಡ ಸಿಕ್ಕಿತು. ತುಂಡಾದ ಡಿಎನ್‌ಎಯನ್ನು ತಪ್ಪಿಲ್ಲದೆ ಜೋಡಿಸುವ ಕೆಲಸ ಈ ಜೀನ್‌ಗಳದು. ಇವು ಕೆಟ್ಟರೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಆದರೆ ಹಾಗೆ ಬಂದ ಕ್ಯಾನ್ಸರ್‌ಗೆ ಪ್ಲಾಟಿನಂ ಮಾಡಿದ ಹಾನಿಯನ್ನು ರಿಪೇರಿ ಮಾಡುವ ಶಕ್ತಿಯೂ ಇರುವುದಿಲ್ಲ. ರೋಗಕ್ಕೆ ಕಾರಣವಾದ ದೋಷವೇ ರೋಗದ ದೌರ್ಬಲ್ಯವೂ ಆಯಿತು.

ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೆಚ್ಚು ಕಾಣುವುದು, ಹೆಚ್ಚು ಪ್ರಾಣ ತೆಗೆಯುವುದು ಹೈಗ್ರೇಡ್ ಸೀರಸ್ ಎಂಬ ಬಗೆ. ಹೆಸರಿಗೆ ಅಂಡಾಶಯದ್ದಾದರೂ ಬಹುಪಾಲು ಶುರುವಾಗುವುದು ಅಂಡನಾಳದ ತುದಿಯಲ್ಲಿ. 2011ರಲ್ಲಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಈ ಬಗೆಯ 489 ಗಡ್ಡೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 316ರ ಜೀನ್‌ಗಳನ್ನು ಓದಿತು. ಟಿಪಿ53 ಎಂಬ ಜೀನ್ ಹೆಚ್ಚುಕಡಿಮೆ ಎಲ್ಲದರಲ್ಲೂ, ಅಂದರೆ ಶೇ. 96ರಲ್ಲಿ ಕೆಟ್ಟಿತ್ತು. ಸುಮಾರು ಐದರಲ್ಲಿ ಒಂದರಲ್ಲಿ ಬಿಆರ್‌ಸಿಎ ದೋಷ ಇತ್ತು, ಹುಟ್ಟಿನಿಂದ ಬಂದದ್ದೋ ಗಡ್ಡೆಯಲ್ಲಿ ಮಾತ್ರ ಆದದ್ದೋ. ಒಟ್ಟಾರೆ ಅರ್ಧದಷ್ಟು ಗಡ್ಡೆಗಳಲ್ಲಿ ಈ ರಿಪೇರಿ ವ್ಯವಸ್ಥೆ ಒಂದಲ್ಲ ಒಂದು ರೀತಿ ಕೆಟ್ಟಿತ್ತು. ಹೀಗೆ ಕೆಟ್ಟಿರುವುದನ್ನೇ ಎಚ್‌ಆರ್‌ಡಿ ಅನ್ನುತ್ತಾರೆ. ಇನ್ನೊಂದು ಕಡೆ, ಸಿಸಿಎನ್‌ಇ1 ಎಂಬ ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚಾಗಿರುವ ಗಡ್ಡೆಗಳಲ್ಲಿ ಸಾಮಾನ್ಯವಾಗಿ ರಿಪೇರಿ ಸರಿಯಾಗಿಯೇ ಇರುತ್ತದೆ. ಹುಟ್ಟಿನಿಂದಲೇ ಪ್ಲಾಟಿನಂಗೆ ಬಗ್ಗದ ಗಡ್ಡೆಗಳು ಈ ಗುಂಪಿನಲ್ಲಿ ಹೆಚ್ಚು.

ಎಚ್‌ಆರ್‌ಡಿ ಟೆಸ್ಟ್ ಮಾಡುವುದು ಪೆಥಾಲಜಿ ವಿಭಾಗದಲ್ಲಿ ಮೇಣದೊಳಗೆ ಇಟ್ಟ ಗಡ್ಡೆಯ ಬ್ಲಾಕ್‌ನಿಂದ. ರಿಪೇರಿ ಸರಿಯಿಲ್ಲದ ಕೋಶದ ಡಿಎನ್‌ಎಯಲ್ಲಿ ವರ್ಷಗಳ ಕಾಲ ತಪ್ಪು ಜೋಡಣೆಗಳು ಕಲೆಗಳಂತೆ ಉಳಿದಿರುತ್ತವೆ. ಅಂಥ ಮೂರು ಬಗೆಯ ಕಲೆಗಳನ್ನು ಎಣಿಸಿ ಅಂಕ ಕೊಡುತ್ತಾರೆ. ಬಹಳ ಬಳಕೆಯಲ್ಲಿರುವ ಒಂದು ಟೆಸ್ಟ್‌ನಲ್ಲಿ 42 ಅಥವಾ ಹೆಚ್ಚು ಬಂದರೆ ಎಚ್‌ಆರ್‌ಡಿ ಇದೆ ಎಂದರ್ಥ.

ಬಿಆರ್‌ಸಿಎ ಮತ್ತು ಎಚ್‌ಆರ್‌ಡಿ ಟೆಸ್ಟ್‌ಗಳಿಗೆ ಬೆಲೆ ಬಂದದ್ದು ಪಾರ್ಪ್ ತಡೆಯುವ ಮಾತ್ರೆಗಳಿಂದ. ಪಾರ್ಪ್ ಅಂದರೆ ಡಿಎನ್‌ಎ ರಿಪೇರಿಯ ಇನ್ನೊಂದು ದಾರಿಯಲ್ಲಿ ದುಡಿಯುವ ಪ್ರೋಟೀನ್. ಒಂದು ರಿಪೇರಿ ಮೊದಲೇ ಕೆಟ್ಟಿರುವ ಕೋಶದಲ್ಲಿ ಇದನ್ನೂ ತಡೆದರೆ ಕೋಶ ಸಾಯುತ್ತದೆ. 2018ರಲ್ಲಿ ಪ್ರಕಟವಾದ ಸೋಲೋ-1 ಅಧ್ಯಯನದಲ್ಲಿ, ಬಿಆರ್‌ಸಿಎ ದೋಷ ಇದ್ದು ಪ್ಲಾಟಿನಂಗೆ ಸ್ಪಂದಿಸಿದವರಿಗೆ ಕೀಮೋ ಮುಗಿದ ಮೇಲೆ ಎರಡು ವರ್ಷ ಒಲಾಪಾರಿಬ್ ಎಂಬ ಪಾರ್ಪ್ ಮಾತ್ರೆ ಕೊಟ್ಟರು. ಕಾಯಿಲೆ ಮರಳುವ ಅಥವಾ ಸಾವಿನ ಅಪಾಯ ಶೇ. 70ರಷ್ಟು ಇಳಿಯಿತು. ಏಳು ವರ್ಷದ ಲೆಕ್ಕದಲ್ಲಿ ಮಾತ್ರೆ ಪಡೆದವರಲ್ಲಿ ಶೇ. 67, ಹುಸಿ ಮಾತ್ರೆ ಪಡೆದವರಲ್ಲಿ ಶೇ. 46.5 ಮಂದಿ ಬದುಕಿದ್ದರು. ತಟ್ಟೆಯ ಟೆಸ್ಟ್‌ಗಳಿಗೆ ಇಲ್ಲದ್ದು ಇದು: ಟೆಸ್ಟ್ ಹೇಳಿದ ಗುಂಪಿಗೆ ಮದ್ದು ಕೊಟ್ಟು, ಲಾಟರಿ ಮಾದರಿಯ ಅಧ್ಯಯನದಲ್ಲಿ ಕಂಡ ಫಲ.

ಆದರೆ ಕಲೆ ಹೇಳುವುದು ಹಿಂದಿನ ಕಥೆ. ಎಚ್‌ಆರ್‌ಡಿ ವರದಿ ಓದುವಾಗ ಬಹಳ ಮಂದಿ ಎಡವುವುದು ಇಲ್ಲೇ. 2008ರಲ್ಲಿ ಲಂಡನ್ನಿನ ಒಂದು, ಅಮೆರಿಕದ ಸಿಯಾಟಲ್‌ನ ಒಂದು ತಂಡ ಬೆರಗಾಗುವಂಥದ್ದನ್ನು ಕಂಡವು. ಬಿಆರ್‌ಸಿಎ2 ಕೆಟ್ಟಿದ್ದ ಕ್ಯಾನ್ಸರ್ ಕೋಶಗಳಲ್ಲಿ ಎರಡನೆಯ ತಪ್ಪೊಂದು ಆಗಿ, ಅದು ಮೊದಲ ತಪ್ಪನ್ನು ಸರಿಪಡಿಸಿ, ಜೀನ್ ಮತ್ತೆ ಕೆಲಸ ಶುರು ಮಾಡಿತ್ತು. ಪ್ಲಾಟಿನಂ ಸುರಿಯುವಾಗ ಹೀಗೆ ಸರಿಯಾದ ಕೋಶಗಳು ಮಾತ್ರ ಬದುಕಿ ಉಳಿದು ಗಡ್ಡೆ ಕಟ್ಟುತ್ತವೆ. 2015ರಲ್ಲಿ ಆಸ್ಟ್ರೇಲಿಯಾದ ತಂಡವೊಂದು 92 ರೋಗಿಗಳ ಗಡ್ಡೆಗಳ ಪೂರ್ತಿ ಜೀನೋಮ್ ಓದಿದಾಗ, ಒಬ್ಬರ ದೇಹದಲ್ಲೇ ಇಂಥ ಬೇರೆ ಬೇರೆ ಸರಿಪಡಿಕೆಗಳು ಸಿಕ್ಕವು. ಇನ್ನು ಕೆಲವು ಗಡ್ಡೆಗಳಲ್ಲಿ ಮದ್ದನ್ನು ಹೊರದೂಡುವ ಪಂಪಿನ ಜೀನ್ ಬೇರೊಂದು ಜೀನಿನ ಸ್ವಿಚ್ಚಿಗೆ ಜೋಡಣೆಯಾಗಿ ಜೋರಾಗಿ ನಡೆಯುತ್ತಿತ್ತು. ಇಷ್ಟಾದರೂ ಹಳೆಯ ಕಲೆಗಳು ಹಾಗೇ ಇರುತ್ತವೆ. ಅಂಕ ಈಗಲೂ 42ರ ಮೇಲೆಯೇ. ವರದಿ ‘ರಿಪೇರಿ ಕೆಟ್ಟಿದೆ’ ಎನ್ನುತ್ತದೆ, ಗಡ್ಡೆ ರಿಪೇರಿ ಮಾಡಿಕೊಂಡು ಕೂತಿರುತ್ತದೆ. ಮೂರು ವರ್ಷ ಹಿಂದಿನ ಬ್ಲಾಕ್‌ನ ವರದಿ ನೋಡಿ ಇವತ್ತಿನ ಗಡ್ಡೆಯ ಬಗ್ಗೆ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ಇವತ್ತು ರಿಪೇರಿ ನಡೆಯುತ್ತಿದೆಯೇ ಎಂದು ನೋಡುವ ಬೇರೆ ಟೆಸ್ಟ್ ಒಂದಿದೆ. ತುಂಡಾದ ಡಿಎನ್‌ಎ ಜೋಡಿಸುವ ಜಾಗದಲ್ಲಿ ರ್‍ಯಾಡ್51 ಎಂಬ ಪ್ರೋಟೀನ್ ಗುಂಪುಗೂಡುತ್ತದೆ. ಬಣ್ಣ ಹಾಕಿ ನೋಡಿದರೆ ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಚುಕ್ಕೆಗಳು. ಚುಕ್ಕೆ ಇದ್ದರೆ ರಿಪೇರಿ ನಡೆಯುತ್ತಿದೆ, ಇಲ್ಲದಿದ್ದರೆ ಇಲ್ಲ. ಮೇಣದ ಬ್ಲಾಕ್‌ನಲ್ಲೇ ಮಾಡಬಹುದು. ಇನ್ನೂ ದಿನಬಳಕೆಗೆ ಬಂದಿಲ್ಲ, ಬರಬೇಕೆಂದು ನಾನು ಬಹಳವಾಗಿ ಬಯಸುವ ಟೆಸ್ಟ್ ಇದು.

ಇವೆಲ್ಲಕ್ಕಿಂತ ಮೊದಲೇ ಸಿಗುವ ಸುಳಿವೊಂದಿದೆ, ಪೆಥಾಲಜಿ ವರದಿಯ ಮೊದಲ ಸಾಲು. ಕ್ಲಿಯರ್ ಸೆಲ್, ಮ್ಯೂಸಿನಸ್, ಲೋಗ್ರೇಡ್ ಸೀರಸ್ ಎಂದಿದ್ದರೆ ಪ್ಲಾಟಿನಂನ ಫಲ ಹೈಗ್ರೇಡ್ ಸೀರಸ್‌ಗಿಂತ ಕಡಿಮೆ ಎಂಬುದು ಹಳೆಯ ಅನುಭವ. ಬಗೆ ಯಾವುದು ಎಂಬುದರಲ್ಲಿ ಸಂದೇಹ ಇದ್ದರೆ, ಹೆಣ್ಣುಮಕ್ಕಳ ಕ್ಯಾನ್ಸರ್‌ಗಳನ್ನೇ ನೋಡುವ ಪೆಥಾಲಜಿಸ್ಟ್‌ರಿಂದ ಸ್ಲೈಡ್ ಮತ್ತೊಮ್ಮೆ ನೋಡಿಸುವುದು ಎಷ್ಟೋ ದುಬಾರಿ ಟೆಸ್ಟ್‌ಗಳಿಗಿಂತ ಉಪಯೋಗ.

ದೇಹ ಕೊಡುವ ಉತ್ತರ

ಪ್ಲಾಟಿನಂಗೆ ಜಗ್ಗದ ಕ್ಯಾನ್ಸರ್ ಎಂದು ಡಾಕ್ಟರು ಬರೆಯುವುದು ಬಹುತೇಕ ಯಾವ ಲ್ಯಾಬ್ ಟೆಸ್ಟ್ ನೋಡಿಯೂ ಅಲ್ಲ, ಕ್ಯಾಲೆಂಡರ್ ನೋಡಿ. ಕೊನೆಯ ಪ್ಲಾಟಿನಂ ಡೋಸ್ ಆದ ಆರು ತಿಂಗಳೊಳಗೆ ಕಾಯಿಲೆ ಮರಳಿದರೆ ಜಗ್ಗದ್ದು, ಆರು ತಿಂಗಳ ಮೇಲಾದರೆ ಜಗ್ಗುವಂಥದ್ದು. 1991ರಲ್ಲಿ ಮಾರಿಸ್ ಮಾರ್ಕ್‌ಮನ್ ಮತ್ತು ಸಂಗಡಿಗರು ನೋಡಿದಾಗ, 5ರಿಂದ 12 ತಿಂಗಳ ಬಿಡುವಿನ ನಂತರ ಮತ್ತೆ ಪ್ಲಾಟಿನಂ ಪಡೆದವರಲ್ಲಿ ಶೇ. 27, 13ರಿಂದ 24 ತಿಂಗಳಾದವರಲ್ಲಿ ಶೇ. 33, ಎರಡು ವರ್ಷ ದಾಟಿದವರಲ್ಲಿ ಶೇ. 59 ಮಂದಿಗೆ ಗುಣ ಕಂಡಿತ್ತು. ಈ ಸಂಖ್ಯೆಗಳಲ್ಲಿ ಆರನೆಯ ತಿಂಗಳಿಗೆ ಎದ್ದು ನಿಂತ ಗೋಡೆ ಕಾಣುವುದಿಲ್ಲ, ಸಾವಕಾಶವಾಗಿ ಏರುವ ಇಳಿಜಾರು ಕಾಣುತ್ತದೆ. ಐದೂವರೆ ತಿಂಗಳಿಗೆ ಮರಳಿದವರಿಗೂ ಆರೂವರೆ ತಿಂಗಳಿಗೆ ಮರಳಿದವರಿಗೂ ನಿಸರ್ಗದಲ್ಲಿ ಅಂಥ ಭೇದ ಇಲ್ಲ. ಈಚೆಗೆ ಅಂತರರಾಷ್ಟ್ರೀಯ ತಜ್ಞರ ಗುಂಪುಗಳೂ ಆರು ತಿಂಗಳ ಗೆರೆಗೆ ಕುರುಡಾಗಿ ಅಂಟಿಕೊಳ್ಳದೆ, ಈಕೆಗೆ ಮತ್ತೆ ಪ್ಲಾಟಿನಂ ಕೊಡಬಹುದೇ ಎಂದು ಹಿಂದಿನ ಸ್ಪಂದನ, ಜೀನ್ ದೋಷ, ಪಾರ್ಪ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ಎಂಬುದನ್ನೆಲ್ಲ ಸೇರಿಸಿ ನೋಡುತ್ತಾರೆ.

ಕ್ಯಾಲೆಂಡರ್‌ನ ಕೊರತೆ ಅಂದರೆ ಕಾಯಿಲೆ ಮರಳುವವರೆಗೂ ಕಾಯಬೇಕು. ಇಲ್ಲಿ ಸಿಎ-125 ನೆರವಿಗೆ ಬರುತ್ತದೆ. ಇದು ಈ ಕ್ಯಾನ್ಸರ್ ಇರುವ ಹೆಚ್ಚಿನವರ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಅಂಡಾಶಯದ ಕ್ಯಾನ್ಸರ್ ಇರುವ ಮನೆಯವರಿಗೆ ಈ ರಕ್ತಪರೀಕ್ಷೆಯ ಹೆಸರು ಬಾಯಿಪಾಠವಾಗಿರುತ್ತದೆ. ಫ್ರಾನ್ಸಿನ ಲಿಯೋನ್‌ನ ಬೆನ್ವಾ ಯೂ ಅವರ ತಂಡ, ಕೀಮೋ ಶುರುವಾದ ಮೊದಲ 100 ದಿನಗಳಲ್ಲಿ ಸಿಎ-125 ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದನ್ನು ಗಣಿತದ ಮಾದರಿಗೆ ಹಾಕಿ ಕೆಲಿಮ್ ಎಂಬ ಅಂಕ ರೂಪಿಸಿತು. ಕನಿಷ್ಠ ಮೂರು ಸಲದ ಸಿಎ-125 ಫಲಿತಾಂಶ, ಮತ್ತು ಅವುಗಳ ತಾರೀಖು ಇದ್ದರೆ ಸಾಕು. ಲೆಕ್ಕ ಹಾಕಲು ಇಂಟರ್‌ನೆಟ್‌ನಲ್ಲಿ ಉಚಿತ ವ್ಯವಸ್ಥೆ ಇದೆ. ಅಂಕ 1 ಅಥವಾ ಹೆಚ್ಚು ಬಂದರೆ ಗಡ್ಡೆ ಕೀಮೋಗೆ ಚೆನ್ನಾಗಿ ಬಗ್ಗುತ್ತಿದೆ, ಕಡಿಮೆ ಬಂದರೆ ಅಷ್ಟಾಗಿ ಇಲ್ಲ. ನಮ್ಮ ಕಡೆ ಅನೇಕರಿಗೆ ಮೊದಲು ಮೂರು ಸೈಕಲ್ ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಸೈಕಲ್. ಆಪರೇಷನ್‌ಗೆ ಮೊದಲೇ ಈ ಅಂಕ ಕೈಗೆ ಸಿಗುತ್ತದೆ. ಹೇಗೂ ಮಾಡಿಸುವ ರಕ್ತಪರೀಕ್ಷೆಯಿಂದಲೇ ಬರುವುದರಿಂದ ಹೆಚ್ಚಿನ ಖರ್ಚೂ ಇಲ್ಲ. ಇಷ್ಟು ಸುಲಭದ, ಅಗ್ಗದ ಅಳತೆ ನಮ್ಮ ಆಸ್ಪತ್ರೆಗಳಲ್ಲಿ ಇನ್ನಷ್ಟು ಬಳಕೆಯಾಗಲಿ. ರಕ್ತಪರೀಕ್ಷೆ ಪ್ರತಿ ಸೈಕಲ್‌ಗೂ ತಪ್ಪದೆ ಆಗಬೇಕು, ಆದಷ್ಟು ಒಂದೇ ಲ್ಯಾಬಿನಲ್ಲಿ, ಅಷ್ಟೇ.

ಆಪರೇಷನ್ ಆದ ಮೇಲೆ ಪೆಥಾಲಜಿಸ್ಟ್ ವಪೆಯನ್ನು ನೋಡಿ 1ರಿಂದ 3ರವರೆಗೆ ಕೀಮೋ ಸ್ಪಂದನದ ಅಂಕ ಕೊಡುತ್ತಾರೆ. 3 ಅಂದರೆ ಕ್ಯಾನ್ಸರ್ ಕೋಶಗಳು ಹೆಚ್ಚುಕಡಿಮೆ ಅಳಿಸಿಹೋಗಿವೆ. 1 ಅಂದರೆ ಬಹುತೇಕ ಹಾಗೇ ಉಳಿದಿವೆ. ವರದಿಯ ಒಂದು ಮೂಲೆಯಲ್ಲಿ ಬರುವ ಈ ಅಂಕವೂ ಜಗ್ಗದಿರುವಿಕೆಯ ಟೆಸ್ಟೇ.

ಜಗ್ಗದು ಎಂದು ಗೊತ್ತಾದರೆ

ಆಗ ಪ್ರಶ್ನೆ ತಿರುಗುತ್ತದೆ: ಯಾವುದಕ್ಕೆ ಜಗ್ಗುತ್ತದೆ? ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್, ಲೈಪೋಸೋಮಲ್ ಡಾಕ್ಸೋರುಬಿಸಿನ್, ಟೋಪೋಟೆಕಾನ್, ಜೆಮ್‌ಸಿಟಾಬಿನ್ ಇವು ರೂಢಿಯ ಮದ್ದುಗಳು. ಇಂಥವುಗಳ ಜೊತೆ, ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಎಂಬ ಮದ್ದು ಸೇರಿಸಿದಾಗ ಕಾಯಿಲೆ ಹಿಡಿತದಲ್ಲಿರುವ ಅವಧಿ 3.4 ತಿಂಗಳಿಂದ 6.7 ತಿಂಗಳಿಗೆ ಏರಿದ್ದನ್ನು 2014ರ ಅರೇಲಿಯಾ ಅಧ್ಯಯನ ತೋರಿಸಿತು. ಇವುಗಳಲ್ಲಿ ಯಾವುದನ್ನು ಮೊದಲು ಎಂದು ಹೇಳುವ ಟೆಸ್ಟ್ ಇಲ್ಲ. ಹಿಂದಿನ ಅಡ್ಡಪರಿಣಾಮ, ಹೃದಯದ ಸ್ಥಿತಿ, ಆಸ್ಪತ್ರೆಯ ದೂರ ಇವೇ ನಿರ್ಧರಿಸುತ್ತವೆ.

ಒಂದು ಹೊಸ ಟೆಸ್ಟ್ ಮಾತ್ರ ನಿಜಕ್ಕೂ ದಾರಿ ಬದಲಿಸಿದೆ. ಕೆಲವು ಗಡ್ಡೆಗಳ ಮೈಮೇಲೆ ಫೋಲೇಟ್ ರಿಸೆಪ್ಟರ್ ಆಲ್ಫಾ ಎಂಬ ಪ್ರೋಟೀನ್ ದಟ್ಟವಾಗಿರುತ್ತದೆ. ಬ್ಲಾಕ್‌ನಿಂದ ಸ್ಲೈಡ್ ಮಾಡಿ ಬಣ್ಣ ಹಾಕಿದಾಗ ಶೇ. 75 ಅಥವಾ ಹೆಚ್ಚು ಕ್ಯಾನ್ಸರ್ ಕೋಶಗಳು ಗಾಢವಾಗಿ ಬಣ್ಣ ಹಿಡಿದರೆ, ಮಿರ್ವೆಟುಕ್ಸಿಮ್ಯಾಬ್ ಎಂಬ ಮದ್ದು ಆ ಪ್ರೋಟೀನನ್ನೇ ಹಿಡಿದು ಕೋಶದೊಳಕ್ಕೆ ವಿಷ ಸಾಗಿಸುತ್ತದೆ. 2023ರ ಮಿರಾಸೋಲ್ ಅಧ್ಯಯನದಲ್ಲಿ ಪ್ಲಾಟಿನಂಗೆ ಜಗ್ಗದ 453 ಮಂದಿ ಇದ್ದರು. ಸಾಮಾನ್ಯ ಕೀಮೋದವರು 12.75 ತಿಂಗಳು, ಈ ಮದ್ದಿನವರು 16.46 ತಿಂಗಳು ಬದುಕಿದರು. ನಾಲ್ಕು ತಿಂಗಳೇ ಎನ್ನಬೇಡಿ. ಪ್ಲಾಟಿನಂಗೆ ಜಗ್ಗದ ಹಂತದಲ್ಲಿ ಬದುಕನ್ನು ಉದ್ದ ಮಾಡಿದ ಅಧ್ಯಯನಗಳು ತೀರಾ ವಿರಳ.

ತಟ್ಟೆಯ ದಾರಿಯೂ ಮುಚ್ಚಿಲ್ಲ. ಈಗ ಗಡ್ಡೆಯ ಕೋಶಗಳನ್ನು ಮೂರು ಆಯಾಮದ ಪುಟ್ಟ ಗಂಟುಗಳಾಗಿ ಬೆಳೆಸುತ್ತಾರೆ, ಹೆಸರು ಆರ್ಗನಾಯ್ಡ್. 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ತಂಡ 32 ರೋಗಿಗಳಿಂದ ಇಂಥ 56 ಆರ್ಗನಾಯ್ಡ್‌ಗಳನ್ನು ಬೆಳೆಸಿತು. ಮೂಲ ಗಡ್ಡೆಯ ಜೀನ್ ಗುಣಗಳು ಅವುಗಳಲ್ಲಿ ಉಳಿದಿದ್ದವು. 2023ರಲ್ಲಿ ಅಮೆರಿಕದ ಸಂಶೋಧಕರು 64 ಪ್ರೋಟೀನುಗಳ ಗುರುತಿನಿಂದ, ಮೊದಲ ಪ್ಲಾಟಿನಂಗೇ ಬಗ್ಗದ ಕೆಲವು ಗಡ್ಡೆಗಳನ್ನು ಹೆಚ್ಚು ತಪ್ಪಿಲ್ಲದೆ ಹಿಡಿಯಬಹುದು ಎಂದು ತೋರಿಸಿದರು. ಎರಡೂ ಇನ್ನು ರೋಗಿಗಳಲ್ಲಿ ಲಾಟರಿ ಮಾದರಿಯ ಪರೀಕ್ಷೆ ದಾಟಬೇಕು. ಯಾವುದೇ ಲ್ಯಾಬಿನವರು ಗಡ್ಡೆಯಿಂದಲೋ ರಕ್ತದಿಂದಲೋ ಯಾವ ಕೀಮೋ ಹಿಡಿಯುತ್ತದೆ ಹೇಳುತ್ತೇವೆ ಎಂದರೆ ಕೇಳಬೇಕಾದ್ದು ಇಷ್ಟು: ಈ ಟೆಸ್ಟ್ ನೋಡಿ ಮದ್ದು ಆರಿಸಿದವರು, ನೋಡದೆ ಆರಿಸಿದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಅಂಥ ಅಧ್ಯಯನದಲ್ಲಿ ತೋರಿಸಿದ್ದೀರಾ? ಉತ್ತರ ಬರುವವರೆಗೆ ಮೊದಲ ಪ್ಲಾಟಿನಂ ಡೋಸ್ ತಡವಾಗಬಾರದು.

ಮನೆಯವರು ಇವತ್ತೇ ಮಾಡಬಹುದಾದ ಕೆಲಸ ಬೇರೆ ಇದೆ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಗಡ್ಡೆಯ ಬ್ಲಾಕ್‌ಗಳು ಭದ್ರವಾಗಿವೆಯೇ ಎಂದು ಕೇಳಿ, ಅವುಗಳ ನಂಬರ್ ಬರೆದಿಟ್ಟುಕೊಳ್ಳುವುದು. ಮುಂದೆ ಎಚ್‌ಆರ್‌ಡಿ ಆಗಲಿ ಫೋಲೇಟ್ ರಿಸೆಪ್ಟರ್ ಆಗಲಿ ಅದರಿಂದಲೇ ಆಗಬೇಕು. ಬಿಆರ್‌ಸಿಎ ಟೆಸ್ಟ್ ಅನ್ನು ಕಾಯಿಲೆ ಪತ್ತೆಯಾದ ಕೂಡಲೇ ಕೇಳುವುದು, ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂದು ಬಿಡದಿರುವುದು. ಮನೆತನದಲ್ಲಿ ಕ್ಯಾನ್ಸರ್ ಕಾಣದವರಲ್ಲೂ ಈ ದೋಷ ಸಿಗುತ್ತದೆ. ತಂದೆಯ ಕಡೆಯಿಂದಲೂ ಬರುತ್ತದೆ. ಬೆಂಗಳೂರಿನಲ್ಲೇ ಈ ಟೆಸ್ಟ್ ಮಾಡುವ ಜೀನ್ ಲ್ಯಾಬ್‌ಗಳಿವೆ. ರಕ್ತದಲ್ಲಿ ದೋಷ ಸಿಕ್ಕರೆ ಆಕೆಯ ಮಕ್ಕಳಿಗೂ ಒಡಹುಟ್ಟಿದವರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಅವರಿಗೆ ಆ ಒಂದೇ ದೋಷವನ್ನು ಹುಡುಕಿದರೆ ಸಾಕು. ದೋಷ ಇರುವ ಹೆಣ್ಣುಮಕ್ಕಳಿಗೆ ಮಕ್ಕಳಾದ ಮೇಲೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವ ಸಲಹೆ ಕೊಡುತ್ತಾರೆ. ಬಿಆರ್‌ಸಿಎ1 ಆದರೆ ಸಾಮಾನ್ಯವಾಗಿ 35ರಿಂದ 40ರ ವಯಸ್ಸಿನೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ.